ಆನ್‌ಲೈನ್‌ನಲ್ಲಿ ಕೃಷಿ ಜಮೀನಿಗೆ ಹಣ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉಳುವುದು ಬೇಡ, ನೀರು ಕಟ್ಟುವುದು ಬೇಡ, ಮೊಬೈಲಲ್ಲೇ ಹೊಲದ ಪಾಲುದಾರರಾಗಿ ಅನ್ನುವ ಜಾಹೀರಾತು ನೀವೂ ನೋಡಿರುತ್ತೀರಿ. ಈ ವ್ಯವಹಾರ ಚೆನ್ನಾಗಿ ಬೇರು ಬಿಟ್ಟದ್ದು ಅಮೆರಿಕದಲ್ಲಿ. ಹಾಗಾಗಿ ಕೆಳಗಿನ ಉದಾಹರಣೆಗಳಲ್ಲಿ ಬಹುಪಾಲು ಅಲ್ಲಿಯವು, ಲೆಕ್ಕವೂ ಡಾಲರಿನಲ್ಲೇ ಇದೆ. ಪ್ರಶ್ನೆಗಳು ಮಾತ್ರ ಯಾವ ಊರಿನವರು ಕೇಳಿದರೂ ಇವೇ.

ಹಣ ಹಾಕಿದರೆ ಜಮೀನು ನನ್ನ ಹೆಸರಿಗೆ ಬರುತ್ತದಾ?

ಹೆಚ್ಚಿನ ಕಡೆ ಬರುವುದಿಲ್ಲ. ಒಂದು ಹೊಲಕ್ಕೆ ಒಂದು ಪುಟ್ಟ ಕಂಪನಿ ತೆರೆಯುತ್ತಾರೆ. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಎಲ್‌ಎಲ್‌ಸಿ ಅನ್ನುವ ಬಗೆಯದು. ಕ್ರಯಪತ್ರ ಆ ಕಂಪನಿಯ ಹೆಸರಿಗೆ ನೋಂದಣಿ ಆಗುತ್ತದೆ. ನಿಮಗೆ ಸಿಗುವುದು ಕಂಪನಿಯಲ್ಲಿ ಒಂದು ಪಾಲು.

ಇದರಲ್ಲಿ ತಪ್ಪೇನಿಲ್ಲ. ಒಂದು ಹೊಲದ ಸಾಲ, ಕೋರ್ಟು ಕೇಸು ಇನ್ನೊಂದು ಹೊಲಕ್ಕೆ ಅಂಟಬಾರದು ಅಂತಲೇ ಹೀಗೆ ಬೇರೆ ಬೇರೆ ಕಂಪನಿ ಮಾಡುತ್ತಾರೆ. ಆದರೆ ಯಾರಿಗೆ ಗೇಣಿಗೆ ಕೊಡಬೇಕು, ಯಾವಾಗ ಮಾರಬೇಕು, ಎಷ್ಟಕ್ಕೆ ಮಾರಬೇಕು ಅನ್ನುವುದನ್ನೆಲ್ಲ ತೀರ್ಮಾನಿಸುವುದು ಕಂಪನಿಯ ಮ್ಯಾನೇಜರು. ಆ ಮ್ಯಾನೇಜರು ಬಹಳ ಸಲ ಈ ಪಾಲುಗಳನ್ನು ಆನ್‌ಲೈನ್‌ನಲ್ಲಿ ಮಾರುವ ತಾಣದ, ಅಂದರೆ ಪ್ಲಾಟ್‌ಫಾರ್ಮಿನವರೇ ಆಗಿರುತ್ತಾರೆ. ನಿಮ್ಮ ಓಟಿಗೆ ಎಷ್ಟು ಬೆಲೆ, ಮ್ಯಾನೇಜರನ್ನು ತೆಗೆದುಹಾಕಲು ಆಗುತ್ತದಾ, ಎಷ್ಟು ಜನ ಒಪ್ಪಬೇಕು? ಇದೆಲ್ಲ ಕಂಪನಿಯ ಒಪ್ಪಂದ ಪತ್ರದಲ್ಲಿ ಇರುತ್ತದೆ. ಡ್ರೋನಿನಿಂದ ತೆಗೆದ ಹೊಲದ ವಿಡಿಯೊ ಆಮೇಲೆ ನೋಡಿ, ಮೊದಲು ಇದನ್ನು ಓದಿ.

ಬೇರೆ ರೀತಿಗಳೂ ಇವೆ. ಕೆಲವರು ಹಲವು ಹೊಲಗಳನ್ನು ಸೇರಿಸಿ ಒಂದು ಫಂಡ್ ಮಾಡುತ್ತಾರೆ. ಕೆಲವರು ರೈತರಿಗೆ ಸಾಲ ಕೊಡಿಸುತ್ತಾರೆ. ಅಲ್ಲಿ ನೀವು ಬರೀ ಸಾಲ ಕೊಟ್ಟವರು, ಜಮೀನಿನ ಬೆಲೆ ಏರಿದರೂ ನಿಮಗೆ ಬಡ್ಡಿ ಅಷ್ಟೇ. ಇನ್ನು ಕೆಲವರು ತುಂಡು ತುಂಡು ಮಾಡಿ ನಿಜವಾಗಿಯೇ ನಿಮ್ಮ ಹೆಸರಿಗೆ ಬರೆದುಕೊಟ್ಟು, ನೋಡಿಕೊಳ್ಳುವುದಕ್ಕೆ ವರ್ಷವರ್ಷ ಫೀಸು ತಗೊಳ್ಳುತ್ತಾರೆ. ಜಾಹೀರಾತಿನಲ್ಲಿ ಎಲ್ಲದಕ್ಕೂ ಒಂದೇ ಬಗೆಯ ಮಾತು. ನಿಮ್ಮದು ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಯಾರು ಬೇಕಾದರೂ ಸೇರಬಹುದಾ?

ಅಮೆರಿಕದಲ್ಲಿ ಆಗುವುದಿಲ್ಲ. 2012ರ ಜಾಬ್ಸ್ ಕಾಯ್ದೆ ಬರುವವರೆಗೆ ಇಂಥ ಖಾಸಗಿ ಪಾಲುಗಳನ್ನು ಹೀಗೆ ಬಹಿರಂಗವಾಗಿ ಜಾಹೀರಾತು ಕೊಟ್ಟು ಮಾರುವಂತೆಯೇ ಇರಲಿಲ್ಲ. ಕಾಯ್ದೆ ಬಾಗಿಲು ತೆರೆಯಿತು. ಫಾರ್ಮ್‌ಟುಗೆದರ್, ಏಕರ್‌ಟ್ರೇಡರ್‌ನಂಥ ಪ್ಲಾಟ್‌ಫಾರ್ಮುಗಳು 2017, 2018ರ ಹೊತ್ತಿಗೆ ಹುಟ್ಟಿಕೊಂಡವು. ಆದರೆ ಇವುಗಳಲ್ಲಿ ಹೆಚ್ಚಿನವು ಹಣ ತಗೊಳ್ಳುವುದು ‘ಅಕ್ರೆಡಿಟೆಡ್’ ಅನ್ನಿಸಿಕೊಂಡವರಿಂದ ಮಾತ್ರ. ಅಂದರೆ ವರ್ಷಕ್ಕೆ 2 ಲಕ್ಷ ಡಾಲರ್ ಮೀರಿದ ಆದಾಯ ಇರಬೇಕು, ಗಂಡ ಹೆಂಡತಿ ಸೇರಿ ಆದರೆ 3 ಲಕ್ಷ. ಇಲ್ಲವೇ ವಾಸದ ಮನೆ ಬಿಟ್ಟು 10 ಲಕ್ಷ ಡಾಲರಿಗಿಂತ ಹೆಚ್ಚಿನ ಆಸ್ತಿ ಇರಬೇಕು. ಕಮ್ಮಿ ಆದಾಯದವರಿಗೂ ತೆರೆದಿರುವ ಕ್ರೌಡ್‌ಫಂಡಿಂಗ್ ದಾರಿ 2016ರಲ್ಲಿ ಶುರುವಾಯಿತು. ಅಲ್ಲಿ ಒಬ್ಬರು ಎಷ್ಟು ಹಾಕಬಹುದು ಅನ್ನುವುದಕ್ಕೆ ಮಿತಿ ಇದೆ.

ಈ ಅಡ್ಡಗೋಡೆ ನೋಡಿ ತುಂಬಾ ಜನರಿಗೆ ಸಿಟ್ಟು ಬರುತ್ತದೆ. ನನಗೇನೋ ಅದರ ಕಾರಣ ಅರ್ಥವಾಗುತ್ತದೆ. ಈ ಪಾಲುಗಳಿಗೆ ಷೇರು ಪೇಟೆಯ ಕಂಪನಿಗಳಷ್ಟು ಲೆಕ್ಕಪತ್ರ ಬಹಿರಂಗ ಮಾಡುವ ಕಟ್ಟುಪಾಡಿಲ್ಲ. ಹಣ ಪೂರ್ತಿ ಹೋದರೂ ಊಟಕ್ಕೆ ತೊಂದರೆ ಆಗದವರು ಮಾತ್ರ ಬರಲಿ ಅನ್ನುವುದು ಅದರ ಲೆಕ್ಕ.

ದುಡ್ಡು ಎಲ್ಲಿಂದ ಬರುತ್ತದೆ?

ಎರಡೇ ಕಡೆಯಿಂದ. ಒಂದು, ವರ್ಷವರ್ಷ ಬರುವ ಗೇಣಿ ಅಥವಾ ಫಸಲಿನ ಪಾಲು. ಎರಡು, ಕೊನೆಗೆ ಜಮೀನು ಮಾರಿದಾಗ ಬರುವ ಲಾಭ. ಮೊದಲನೆಯದು ಚಿಕ್ಕದು, ಆದರೆ ಒಪ್ಪಂದದ ಮೇಲೆ ನಿಂತಿದೆ. ಎರಡನೆಯದು ದೊಡ್ಡದು, ಆದರೆ ಬರೀ ಅಂದಾಜು.

ವರ್ಷಕ್ಕೆ ಶೇ 8, ಶೇ 10 ಅಂತ ತೋರಿಸುತ್ತಾರಲ್ಲ?

ಇದನ್ನು ಸ್ವಲ್ಪ ಕೂತು ಬಿಡಿಸೋಣ. ಕೆಳಗಿರುವುದು ನಾನು ಸುಮ್ನೆ ಹಾಕಿಕೊಂಡ ಲೆಕ್ಕ, ಯಾವುದೇ ನಿಜವಾದ ಹೊಲದ್ದಲ್ಲ. ಆದರೆ ಇಂಥ ಯೋಜನೆಗಳ ಲೆಕ್ಕದ ಹಾಳೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ.

ಹೊಲದ ಬೆಲೆ 10 ಲಕ್ಷ ಡಾಲರ್. ಕೊಳ್ಳುವಾಗಿನ ಖರ್ಚು, ಪ್ಲಾಟ್‌ಫಾರ್ಮಿನ ಒಂದು ಸಲದ ಫೀಸು ಸೇರಿ 30,000. ಕಷ್ಟಕಾಲಕ್ಕೆ ಅಂತ ಬ್ಯಾಂಕಿನಲ್ಲಿ ಇಡುವುದು 20,000. ಹೂಡಿಕೆದಾರರೆಲ್ಲ ಸೇರಿ ಕೊಡುವುದು ಒಟ್ಟು 10,50,000.

ವರ್ಷದ ಗೇಣಿ ಜಮೀನಿನ ಬೆಲೆಯ ಶೇ 4, ಅಂದರೆ 40,000. ಅದರಲ್ಲಿ ಜಮೀನಿನ ತೆರಿಗೆ, ವಿಮೆಗೆ 6,000 ಹೋಯಿತು. ನಿರ್ವಹಣೆ ಫೀಸು ಜಮೀನಿನ ಬೆಲೆಯ ಮೇಲೆ ಶೇ 1, ಅಂದರೆ 10,000. ಫೀಸು ಗೇಣಿಯ ಮೇಲಲ್ಲ, ಜಮೀನಿನ ಬೆಲೆಯ ಮೇಲೆ ಅನ್ನುವುದನ್ನು ಗಮನಿಸಿ. ಕೇಳಲು ಬರೀ ಶೇ 1, ಆದರೆ ಗೇಣಿಯಲ್ಲಿ ಕಾಲು ಭಾಗ ಅದಕ್ಕೇ ಹೋಯಿತು. ಉಳಿದದ್ದು 24,000. ನೀವೆಲ್ಲ ಹಾಕಿದ ಹಣದ ಮೇಲೆ ಅದು ಶೇ 2.3.

ಈಗ ಶೇ 8 ಬರಬೇಕು ಅಂದರೆ? ಗೇಣಿ ಇಷ್ಟೇ ಇದ್ದರೆ, 10 ವರ್ಷ ಆದ ಮೇಲೆ ಆ ಹೊಲವನ್ನು ಮಾರಿ, ಮಾರಾಟದ ಖರ್ಚು ಕಳೆದು ಕೈಗೆ ಸುಮಾರು 19 ಲಕ್ಷ ಡಾಲರ್ ಬರಬೇಕು. ಅಂದರೆ ಬೆಲೆ ಪ್ರತಿ ವರ್ಷ ಶೇ 6.6ರಂತೆ ಬಿಡದೆ ಏರಬೇಕು. ಅದು ಶೇ 2ರಂತೆ ಮಾತ್ರ ಏರಿತು ಅನ್ನಿ. ಆಗ ನಿಮ್ಮ ಒಟ್ಟು ಗಳಿಕೆ ವರ್ಷಕ್ಕೆ ಶೇ 4 ಕೂಡ ಮುಟ್ಟುವುದಿಲ್ಲ. ಲಾಭದಲ್ಲಿ ಮ್ಯಾನೇಜರಿಗೆ ಪಾಲು ಇದೆ ಅಂತ ಬರೆದಿದ್ದರೆ ಅದನ್ನೂ ಕಳೆಯಿರಿ.

ಆದ್ದರಿಂದ ‘ನಿರೀಕ್ಷಿತ ಗಳಿಕೆ’ ಅನ್ನುವ ದೊಡ್ಡ ಅಕ್ಷರದ ಸಂಖ್ಯೆ ಕಂಡಾಗ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಗೇಣಿಯಿಂದ ಬರುವುದು ಎಷ್ಟು, ಬೆಲೆ ಏರಿಕೆಯ ಅಂದಾಜು ಎಷ್ಟು? ಬಿಡಿಸಿ ಹೇಳುವವರ ಹತ್ತಿರ ಮಾತು ಮುಂದುವರಿಸಬಹುದು. ಹೇಳದವರನ್ನು ಬಿಟ್ಟುಬಿಡಿ.

ಜಮೀನಿನ ಬೆಲೆ ಯಾವತ್ತೂ ಇಳಿಯುವುದಿಲ್ಲ ಅಲ್ವಾ?

ಇಳಿಯುತ್ತದೆ. ಇಳಿದಾಗ ತುಂಬಾ ವರ್ಷ ಏಳುವುದಿಲ್ಲ.

ಅಯೋವಾ ರಾಜ್ಯವನ್ನೇ ತಗೊಳ್ಳಿ. ಜಗತ್ತಿನ ಒಳ್ಳೆಯ ಎರೆಮಣ್ಣುಗಳಲ್ಲಿ ಅದೂ ಒಂದು. ಅಲ್ಲಿನ ವಿಶ್ವವಿದ್ಯಾಲಯ ಪ್ರತಿ ವರ್ಷ ಜಮೀನಿನ ಬೆಲೆಯ ಸರ್ವೆ ಮಾಡುತ್ತದೆ. 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇತ್ತು. 1986ಕ್ಕೆ 787ಕ್ಕೆ ಬಂದಿತ್ತು. ಐದು ವರ್ಷದಲ್ಲಿ ಶೇ 63 ಹೋಯಿತು. ಹಳೆಯ ಬೆಲೆಯನ್ನು ಮತ್ತೆ ದಾಟಿದ್ದು 2003ರಲ್ಲಿ, ಅದೂ ಹಣದುಬ್ಬರವನ್ನು ಲೆಕ್ಕಕ್ಕೆ ತಗೊಳ್ಳದೆ.

ಹೀಗಾಗಲು ಮಣ್ಣು ಕೆಟ್ಟಿರಲಿಲ್ಲ, ಮಳೆ ಕೈಕೊಟ್ಟಿರಲಿಲ್ಲ. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟ ರಾಶಿ ರಾಶಿ ಧಾನ್ಯ ಕೊಂಡಿತು, ಬೆಲೆ ಏರಿತು, ರೈತರು ಸಾಲ ಮಾಡಿ ಪಕ್ಕದ ಹೊಲವನ್ನೂ ಕೊಂಡರು. 1979ರಿಂದ ಹಣದುಬ್ಬರ ತಡೆಯಲು ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿಯನ್ನು ಬೇಕಾಬಿಟ್ಟಿ ಏರಿಸಿತು. 1980ರ ಜನವರಿಯಲ್ಲಿ ಸೋವಿಯತ್ತಿಗೆ ಧಾನ್ಯ ಮಾರುವುದರ ಮೇಲೆ ನಿರ್ಬಂಧ ಬಂತು. ಸಾಲ ಇದ್ದವರು ಹೊಲ ಮಾರಲೇಬೇಕಾಯಿತು. ಎಲ್ಲರೂ ಒಟ್ಟಿಗೆ ಮಾರಲು ಬಂದರೆ ಕೊಳ್ಳುವವರು ಎಲ್ಲಿರುತ್ತಾರೆ?

ಈಚೆಗೂ ಅಲ್ಲಿ ಏರುಪೇರು ಇದ್ದೇ ಇದೆ. 2013ರಲ್ಲಿ ಎಕರೆಗೆ 8,716 ಡಾಲರ್ ಇದ್ದದ್ದು 2016ಕ್ಕೆ 7,183ಕ್ಕೆ ಇಳಿಯಿತು. 2023ರಲ್ಲಿ 11,835ಕ್ಕೆ ಏರಿ, ಮರುವರ್ಷ ಮತ್ತೆ ಸ್ವಲ್ಪ ಇಳಿಯಿತು. 20 ವರ್ಷ ಕಾಯಬಲ್ಲವರಿಗೆ ಇದು ದೊಡ್ಡ ಮಾತಲ್ಲ. ಏಳನೇ ವರ್ಷಕ್ಕೆ ಮಾರುತ್ತೇವೆ ಅಂತ ಬರೆದುಕೊಂಡ ಯೋಜನೆಗೆ ಅದು ತುಂಬಾ ದೊಡ್ಡ ಮಾತು.

ಹಾಗಾದರೆ ಷೇರಿಗಿಂತ ಏರಿಳಿತ ಕಮ್ಮಿ ಅಂತ ತೋರಿಸುವ ನಕ್ಷೆ ಸುಳ್ಳಾ?

ಸುಳ್ಳು ಅನ್ನಲಾರೆ. ಅರ್ಧ ಕಥೆ ಅನ್ನಬಹುದು. ಪ್ಲಾಟ್‌ಫಾರ್ಮುಗಳು ತೋರಿಸುವ ನಕ್ಷೆ ಸಾಮಾನ್ಯವಾಗಿ ಎನ್‌ಸಿಆರ್‌ಇಐಎಫ್ ಸಂಸ್ಥೆಯ ಕೃಷಿ ಜಮೀನು ಸೂಚ್ಯಂಕದ್ದು. ದೊಡ್ಡ ಸಂಸ್ಥೆಗಳ ಕೈಯಲ್ಲಿರುವ ಹೊಲ, ತೋಟಗಳ ಲೆಕ್ಕ ಅದು. ಷೇರಿನ ಬೆಲೆ ಪ್ರತಿ ಕ್ಷಣದ ಮಾರಾಟದಿಂದ ಗೊತ್ತಾಗುತ್ತದೆ. ಈ ಹೊಲಗಳು ದಿನಾ ಮಾರಾಟ ಆಗುವುದಿಲ್ಲ. ಬೆಲೆ ಕಟ್ಟುವವರು ಆಗಾಗ ಬಂದು, ಅಕ್ಕಪಕ್ಕದ ಹಳೆಯ ಮಾರಾಟಗಳನ್ನು ನೋಡಿ ಒಂದು ಸಂಖ್ಯೆ ಬರೆಯುತ್ತಾರೆ. ಹಾಗೆ ಬರೆದ ಸಂಖ್ಯೆಗಳನ್ನು ಜೋಡಿಸಿದರೆ ಗೆರೆ ನುಣ್ಣಗೇ ಕಾಣುತ್ತದೆ. 2024ರಲ್ಲಿ ಆ ನುಣ್ಣನೆಯ ಗೆರೆಯೂ ಸೊನ್ನೆಗಿಂತ ಕೆಳಗೆ ಹೋಯಿತು. ಎಳೆದದ್ದು ಮುಖ್ಯವಾಗಿ ಮರಬೆಳೆಯ ತೋಟಗಳು.

ಮೆಕ್ಕೆಜೋಳದ ಹೊಲವೋ, ಬಾದಾಮಿ ತೋಟವೋ?

ಎರಡೂ ‘ಕೃಷಿ ಜಮೀನು’ ಅನ್ನುವ ಒಂದೇ ಹೆಸರಿನಡಿ ಬಂದರೂ ವ್ಯಾಪಾರ ಬೇರೆ ಬೇರೆ.

ಮೆಕ್ಕೆಜೋಳ, ಸೋಯಾ, ಗೋಧಿ ಬೆಳೆಯುವ ಹೊಲದಲ್ಲಿ ಈ ವರ್ಷ ಒಂದು ಬೆಳೆ ನಷ್ಟ ಆದರೆ ಮುಂದಿನ ವರ್ಷ ಇನ್ನೊಂದು ಹಾಕಬಹುದು. ಬೆಳೆ ರೈತನದು, ಮಾಲೀಕರಿಗೆ ಗೇಣಿ. ಗಳಿಕೆ ಕಮ್ಮಿ, ತಲೆಬಿಸಿಯೂ ಕಮ್ಮಿ.

ತೋಟದಲ್ಲಿ ಹಣದ ದೊಡ್ಡ ಭಾಗ ಮರದಲ್ಲಿ ಇರುತ್ತದೆ. ಬಾದಾಮಿ ಗಿಡ ನೆಟ್ಟ ಮೂರನೇ ವರ್ಷಕ್ಕೆ ಒಂದಿಷ್ಟು ಕಾಯಿ ಬಿಡುತ್ತದೆ. ಪೂರ್ತಿ ಫಸಲಿಗೆ ಇನ್ನೂ ಮೂರ್ನಾಲ್ಕು ವರ್ಷ ಬೇಕು. ಸುಮಾರು 25 ವರ್ಷಕ್ಕೆ ಕಿತ್ತು ಹೊಸದಾಗಿ ನೆಡಬೇಕು. ಮಧ್ಯದಲ್ಲಿ ಬೆಲೆ ಬಿದ್ದರೆ ಬೆಳೆ ಬದಲಿಸುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆದದ್ದು ಇದೇ. 2014ರ ಸುಮಾರಿಗೆ ಬೆಳೆಗಾರರಿಗೆ ಪೌಂಡಿಗೆ 4 ಡಾಲರ್ ಸಿಗುತ್ತಿತ್ತು. ಆ ಬೆಲೆ ನೋಡಿ ಎಲ್ಲರೂ ನೆಟ್ಟರು. ನೆಟ್ಟ ಗಿಡಗಳೆಲ್ಲ ಫಸಲಿಗೆ ಬರುವ ಹೊತ್ತಿಗೆ, 2022ರ ಸುಮಾರಿಗೆ, ಬೆಲೆ 2 ಡಾಲರಿಗಿಂತ ಕೆಳಗಿತ್ತು.

ತೋಟದ ಯೋಜನೆಯ ಹಾಳೆ ನೋಡುವಾಗ ಮರಗಳ ವಯಸ್ಸು ಕೇಳಿ. 18 ವರ್ಷದ ತೋಟವನ್ನು ಕೊಂಡು 10 ವರ್ಷ ಇಟ್ಟುಕೊಳ್ಳುತ್ತೇವೆ ಅಂದರೆ, ಮಾರುವ ದಿನ ಅಲ್ಲಿರುವುದು ಮುದಿ ಮರಗಳು. ಕಿತ್ತು ನೆಡುವ ಖರ್ಚು ಯಾರ ಲೆಕ್ಕದಲ್ಲಿದೆ ಅಂತ ಹುಡುಕಿ.

ನೀರಿನ ಬಗ್ಗೆ ಏನು ಕೇಳಬೇಕು?

ಇಡೀ ಕಡತದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೂರುವುದು ಇದರ ಮುಂದೆ. ‘ನೀರಾವರಿ ಸೌಲಭ್ಯ ಇದೆ’ ಅನ್ನುವ ಒಂದು ಸಾಲಿಗೆ ಅರ್ಥವೇ ಇಲ್ಲ. ಕಾಲುವೆ ನೀರೋ, ಕೊಳವೆಬಾವಿಯೋ? ಕಾಲುವೆ ಆದರೆ ಹಕ್ಕು ಎಷ್ಟು ಹಳೆಯದು? ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಮೊದಲು ಬಳಸಿದವರಿಗೆ ಮೊದಲ ಹಕ್ಕು. ಬರ ಬಂದ ವರ್ಷ ಹಳೆಯ ಹಕ್ಕಿನವರಿಗೆ ಪೂರ್ತಿ ನೀರು ಸಿಕ್ಕಿ, ಹೊಸಬರಿಗೆ ಒಂದು ಹನಿಯೂ ಸಿಗದೆ ಇರಬಹುದು. ಹೊಲದ ಜೊತೆ ಆ ಹಕ್ಕೂ ಮಾರಾಟ ಆಗುತ್ತಿದೆಯಾ, ಅಥವಾ ಅದನ್ನು ಬೇರೆಯಾಗಿ ಮಾರಿಬಿಟ್ಟಿದ್ದಾರಾ ಅನ್ನುವುದೂ ಮುಖ್ಯ.

ಕೊಳವೆಬಾವಿ ಆದರೆ ಆಳ ಎಷ್ಟು, ನೀರಿನ ಮಟ್ಟ ಹತ್ತು ವರ್ಷದಲ್ಲಿ ಎಷ್ಟು ಕೆಳಗೆ ಹೋಗಿದೆ ಅಂತ ಕೇಳಿ. ಕ್ಯಾಲಿಫೋರ್ನಿಯಾ 2014ರಲ್ಲಿ ಅಂತರ್ಜಲ ಕಾಯ್ದೆ ತಂದಿತು. ತೀರಾ ಬತ್ತಿದ ಪ್ರದೇಶಗಳು 2040ರ ಒಳಗೆ ಎತ್ತುವ ನೀರಿಗೂ ಇಂಗುವ ನೀರಿಗೂ ಸರಿದೂಗಿಸಬೇಕು. ಅಂದರೆ ಈವತ್ತು ಬಾವಿಯಲ್ಲಿ ನೀರಿದ್ದರೂ ನಾಳೆ ಎತ್ತುವ ಅನುಮತಿ ಇರದೆ ಹೋಗಬಹುದು. ಕಾಲುವೆ ನೀರಿನ ಹಕ್ಕಿಲ್ಲದೆ ಬಾವಿಯನ್ನೇ ನಂಬಿದ ಜಮೀನುಗಳ ಬೆಲೆ ಅಲ್ಲಿ ಈಗಾಗಲೇ ಬಿದ್ದಿದೆ. ಕಾನ್ಸಸ್‌ನ ಪಶ್ಚಿಮ ಭಾಗ, ಟೆಕ್ಸಸ್‌ನ ಉತ್ತರ ಭಾಗದಲ್ಲಿ ಓಗಲಾಲ ಅಂತರ್ಜಲ ಇಳಿಯುತ್ತಲೇ ಇದೆ. ಅಲ್ಲಿನ ಹೊಲ ಅಗ್ಗಕ್ಕೆ ಸಿಕ್ಕಿತು ಅಂದರೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

ಮಣ್ಣು ಹೇಗಿದೆ ಅಂತ ಮನೆಯಲ್ಲೇ ಕೂತು ತಿಳಿಯಬಹುದಾ?

ಅಮೆರಿಕದ ಹೊಲ ಆದರೆ ಬಹಳ ಮಟ್ಟಿಗೆ ತಿಳಿಯಬಹುದು, ದುಡ್ಡಿಲ್ಲದೆ. ಅಲ್ಲಿನ ಕೃಷಿ ಇಲಾಖೆಯ ‘ವೆಬ್ ಸಾಯಿಲ್ ಸರ್ವೆ’ ಅನ್ನುವ ತಾಣದಲ್ಲಿ ಹೊಲದ ಗಡಿ ಗುರುತು ಮಾಡಿದರೆ ಸಾಕು. ಒಂದೇ ಹೊಲದಲ್ಲಿ ಯಾವ ಮೂಲೆಯಲ್ಲಿ ಯಾವ ಮಣ್ಣು, ಇಳಿಜಾರು ಎಷ್ಟು, ನೀರು ನಿಲ್ಲುತ್ತದಾ ಬಸಿಯುತ್ತದಾ ಅಂತ ಬಣ್ಣ ಬಣ್ಣದ ನಕ್ಷೆ ಬರುತ್ತದೆ. ಪ್ಲಾಟ್‌ಫಾರ್ಮು ‘ಉತ್ತಮ ಮಣ್ಣು’ ಅಂತ ಹೇಳಿದ ಹೊಲದಲ್ಲಿ ಉಳಲು ಬರುವ ಭಾಗ ನಿಜವಾಗಿ ಎಷ್ಟು ಎಕರೆ ಅಂತ ಅಳೆದು ನೋಡಿ. ಒಟ್ಟು 160 ಎಕರೆ ಅಂದರೂ ಹಳ್ಳ, ರಸ್ತೆ, ಮರಗಾಡು ಕಳೆದರೆ ಉಳುವುದಕ್ಕೆ 130 ಎಕರೆ ಸಿಗಬಹುದು. ಎಕರೆಗೆ ಇಷ್ಟು ಅಂತ ಬೆಲೆ ಹೋಲಿಸುವಾಗ ಉಳುವ ಎಕರೆಯನ್ನೇ ಹೋಲಿಸಬೇಕು.

ನೆಲದ ಕೆಳಗಿನ ಖನಿಜದ ಹಕ್ಕು ನಿಮ್ಮ ಕಂಪನಿಗೆ ಬಂದಿದೆಯಾ ಅಂತಲೂ ಕೇಳಿ. ಎಣ್ಣೆ, ಅನಿಲ ಸಿಗುವ ರಾಜ್ಯಗಳಲ್ಲಿ ಅದನ್ನು ಅಜ್ಜನ ಕಾಲದಲ್ಲೇ ಬೇರೆಯವರಿಗೆ ಮಾರಿರುವುದು ಮಾಮೂಲಿ.

ಹೊಲವನ್ನು ಉಳುವವರು ಯಾರು?

ಅಲ್ಲಿಯೇ ಹತ್ತಿರದ ಒಬ್ಬ ರೈತ. ಬಹಳ ಸಲ ಜಮೀನು ಮಾರಿದವರೇ ಗೇಣಿಗೆ ಮುಂದುವರಿಯುತ್ತಾರೆ. ಇದು ಅಪರೂಪವೇನಲ್ಲ, ಅಮೆರಿಕದ ಕೃಷಿ ಜಮೀನಿನಲ್ಲಿ ಸುಮಾರು ಶೇ 39 ಗೇಣಿಯದು ಅಂತ ಕೃಷಿ ಇಲಾಖೆಯ 2014ರ ಸರ್ವೆ ಹೇಳಿತ್ತು.

ಗೇಣಿ ನಗದಾದರೆ ಮಳೆ ಬಂದರೂ ಬಾರದಿದ್ದರೂ ಅಷ್ಟೇ. ಪಾಲಿಗೆ ಕೊಟ್ಟಿದ್ದರೆ ಬೆಳೆಯ ಜೊತೆ ನಿಮ್ಮ ಗಳಿಕೆಯೂ ಏರಿಳಿಯುತ್ತದೆ. ಎರಡನ್ನೂ ಬೆರೆಸಿದ ಒಪ್ಪಂದಗಳೂ ಇವೆ, ಕನಿಷ್ಠ ಇಷ್ಟು ನಗದು, ಬೆಲೆ ಚೆನ್ನಾಗಿ ಬಂದರೆ ಮೇಲಿಷ್ಟು ಅಂತ. ತೋಟಗಳಲ್ಲಿ ಕಂಪನಿಯೇ ಕೂಲಿ ಕೊಟ್ಟು ಬೇಸಾಯ ಮಾಡಿಸುವುದುಂಟು. ಅಲ್ಲಿ ಗೊಬ್ಬರದ ಬಿಲ್ಲಿನಿಂದ ಹಿಡಿದು ಮಾರುಕಟ್ಟೆಯ ಬೆಲೆಯವರೆಗೆ ಎಲ್ಲ ನಷ್ಟವೂ ನಿಮ್ಮದೇ.

ಗೇಣಿದಾರರ ಹೆಸರಿಗಿಂತ ಮುಖ್ಯ ಪ್ರಶ್ನೆ: ಇವರು ಬಿಟ್ಟುಹೋದರೆ ಅದೇ ಗೇಣಿಗೆ ಬರುವ ಇನ್ನೊಬ್ಬರು ಆ ಸುತ್ತಿನಲ್ಲಿ ಇದ್ದಾರಾ? ಒಂದು ವಿಚಾರ ಇಲ್ಲಿ ಕಣ್ಣು ತಪ್ಪುತ್ತದೆ. ಮಾರಿದ ರೈತರೇ ದುಬಾರಿ ಗೇಣಿಗೆ ಒಪ್ಪಿದ್ದಾರೆ ಅಂದರೆ ಖುಷಿ ಪಡಬೇಡಿ. ಜಮೀನಿಗೆ ಹೆಚ್ಚು ಬೆಲೆ ಸಿಗಲಿ ಅಂತ ಮೂರು ವರ್ಷದ ಮಟ್ಟಿಗೆ ಗೇಣಿ ಹೆಚ್ಚು ಕೊಡಲು ಯಾರಾದರೂ ಒಪ್ಪಿಯಾರು. ನಾಲ್ಕನೇ ವರ್ಷದ ಗೇಣಿ ಎಷ್ಟಿರಬಹುದು ಅಂತ ಅಕ್ಕಪಕ್ಕದ ಗೇಣಿ ನೋಡಿ ಅಂದಾಜು ಮಾಡಿ.

ಮಧ್ಯದಲ್ಲಿ ಹಣ ಬೇಕಾದರೆ?

ಬರುವುದಿಲ್ಲ ಅಂದುಕೊಂಡೇ ಹಾಕಿ. ಹೆಚ್ಚಿನ ಯೋಜನೆಗಳು 5ರಿಂದ 10 ವರ್ಷದವು, ಮ್ಯಾನೇಜರು ಬೇಕೆಂದರೆ ಮುಂದೂಡಲೂಬಹುದು. ಕೆಲವು ಪ್ಲಾಟ್‌ಫಾರ್ಮುಗಳಲ್ಲಿ ಪಾಲನ್ನು ಇನ್ನೊಬ್ಬ ಸದಸ್ಯರಿಗೆ ಮಾರುವ ಕಟ್ಟೆ ಇದೆ. ಆದರೆ ಅಮೆರಿಕದ ನಿಯಮದಲ್ಲಿ ಮೊದಲ ಒಂದು ವರ್ಷ ಅದಕ್ಕೂ ಸಾಮಾನ್ಯವಾಗಿ ಅಡ್ಡಿ. ಆಮೇಲೂ ಕೊಳ್ಳುವವರು ಸಿಗಬೇಕು, ಸಿಕ್ಕವರು ಕಮ್ಮಿ ಬೆಲೆಗೇ ಕೇಳುತ್ತಾರೆ.

ಷೇರು ಪೇಟೆಯಲ್ಲೇ ಹೊಲ ಸಿಗುತ್ತದಂತೆ?

ಹೌದು, ರೀಟ್ ಅನ್ನುವ ರೂಪದಲ್ಲಿ. ಅಂದರೆ ಜಮೀನು ಕೊಂಡು ಗೇಣಿಗೆ ಕೊಡುವ ಕಂಪನಿಯ ಷೇರನ್ನೇ ಪೇಟೆಯಲ್ಲಿ ಕೊಳ್ಳುವುದು. ಗ್ಲ್ಯಾಡ್‌ಸ್ಟೋನ್ ಲ್ಯಾಂಡ್ 2013ರಲ್ಲಿ, ಫಾರ್ಮ್‌ಲ್ಯಾಂಡ್ ಪಾರ್ಟ್‌ನರ್ಸ್ 2014ರಲ್ಲಿ ಅಮೆರಿಕದ ಪೇಟೆಗೆ ಬಂದವು. ಒಂದು ಷೇರಿನ ಬೆಲೆಯಲ್ಲಿ ಒಳಗೆ ಹೋಗಬಹುದು, ಯಾವ ದಿನ ಬೇಕಾದರೂ ಹೊರಗೆ ಬರಬಹುದು. ಅಕ್ರೆಡಿಟೆಡ್ ಆಗಿರಬೇಕಾಗಿಲ್ಲ.

ಬದಲಿಗೆ ಪೇಟೆಯ ಗಾಳಿಯನ್ನು ತಡೆದುಕೊಳ್ಳಬೇಕು. 2018ರ ಜುಲೈನಲ್ಲಿ ಫಾರ್ಮ್‌ಲ್ಯಾಂಡ್ ಪಾರ್ಟ್‌ನರ್ಸ್ ಮೇಲೆ ಆರೋಪ ಹೊರಿಸಿ ಇಂಟರ್‌ನೆಟ್ಟಿನಲ್ಲಿ ಒಂದು ಅನಾಮಧೇಯ ವರದಿ ಬಂತು. ಬರೆದವರಿಗೆ ಷೇರು ಬಿದ್ದರೆ ಲಾಭ ಇತ್ತು. ಒಂದೇ ದಿನದಲ್ಲಿ ಷೇರು ಶೇ 39 ಬಿತ್ತು. ಹೊಲಗಳು ಅಲ್ಲೇ ಇದ್ದವು, ಗೇಣಿದಾರರು ಉಳುತ್ತಲೇ ಇದ್ದರು. ಮೂರು ವರ್ಷ ಬಿಟ್ಟು, ವರದಿಯ ಮುಖ್ಯ ಮಾತುಗಳು ತಪ್ಪು ಅಂತ ಬರೆದವರೇ ಒಪ್ಪಿಕೊಂಡರು. ಅಷ್ಟರಲ್ಲಿ ಹೆದರಿ ಮಾರಿದವರ ನಷ್ಟ ಆಗಿಹೋಗಿತ್ತು. ಹಾಗಿದ್ದೂ, ಮೊದಲ ಸಲ ಹಣ ಹಾಕುವವರಿಗೆ ನಾನು ತೋರಿಸುವುದು ಈ ದಾರಿಯನ್ನೇ. ತಪ್ಪಾಗಿದೆ ಅನ್ನಿಸಿದ ದಿನ ಇದರಿಂದ ಹೊರಗೆ ಬರಬಹುದು.

ಪ್ಲಾಟ್‌ಫಾರ್ಮೇ ಮುಚ್ಚಿಹೋದರೆ?

ಹೊಲ ಬೇರೆ ಕಂಪನಿಯ ಹೆಸರಲ್ಲಿ ಇರುವುದರಿಂದ ಪ್ಲಾಟ್‌ಫಾರ್ಮಿಗೆ ಸಾಲ ಕೊಟ್ಟವರು ಅದನ್ನು ಮುಟ್ಟುವಂತಿಲ್ಲ. ಕಾಗದದಲ್ಲಿ ಹೀಗಿದೆ. ಆದರೆ ಗೇಣಿ ವಸೂಲಿ ಮಾಡುವವರು, ಲೆಕ್ಕ ಬರೆಯುವವರು, ತೆರಿಗೆ ಕಾಗದ ಕಳಿಸುವವರು ಯಾರು? ಕಟ್ಟಡಗಳ ಮೇಲೆ ಹಣ ಹಾಕಿಸುತ್ತಿದ್ದ ರಿಯಾಲ್ಟಿಶೇರ್ಸ್ 2018ರಲ್ಲಿ ಹೊಸ ವ್ಯವಹಾರ ನಿಲ್ಲಿಸಿದಾಗ ಹಳೆಯ ಹೂಡಿಕೆಗಳನ್ನು ಇನ್ನೊಂದು ಸಂಸ್ಥೆ ವಹಿಸಿಕೊಳ್ಳಬೇಕಾಯಿತು. ನಿಮ್ಮ ಒಪ್ಪಂದದಲ್ಲಿ ಬದಲಿ ಮ್ಯಾನೇಜರು ಯಾರು ಅಂತ ಮೊದಲೇ ಬರೆದಿರಬೇಕು.

ಮೋಸವನ್ನು ಗುರುತಿಸುವುದು ಹೇಗೆ?

ಹೊಲದ ಹೆಸರಿನ ಮೋಸ ಇಂಟರ್‌ನೆಟ್ಟಿಗಿಂತ ಹಳೆಯದು. ಭಾರತದಲ್ಲಿ ಪಿಎಸಿಎಲ್ ಕಂಪನಿ ಕೃಷಿ ಜಮೀನು ಕೊಡಿಸುತ್ತೇವೆ ಅಂತ ಕೋಟಿಗಟ್ಟಲೆ ಜನರಿಂದ ಕಂತು ಕಟ್ಟಿಸಿಕೊಂಡಿತ್ತು. ಇದು ಅನುಮತಿ ಇಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಅಂತ ಸೆಬಿ 2014ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿ, 49,100 ಕೋಟಿ ರೂಪಾಯಿ ವಾಪಸ್ ಕೊಡಿ ಅಂದಿತು. ಆಸ್ಟ್ರೇಲಿಯಾದಲ್ಲಿ ಟಿಂಬರ್‌ಕಾರ್ಪ್, ಗ್ರೇಟ್ ಸದರ್ನ್ ಎರಡೂ 2009ರಲ್ಲಿ ಕುಸಿದವು. ಅಲ್ಲಿ ಮರ, ತೋಟ ನಿಜವಾಗಿಯೂ ಇದ್ದವು. ತೆರಿಗೆ ಉಳಿಯುತ್ತದೆ ಅಂತ ಜನ ಸಾಲ ಮಾಡಿ ಹಣ ಹಾಕಿದ್ದರು. ತೋಟ ಹೋದ ಮೇಲೂ ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಆನ್‌ಲೈನ್ ಕಾಲದ ಪಾಠ 2023ರದು. ಕ್ರೌಡ್‌ಸ್ಟ್ರೀಟ್ ತಾಣದ ಮೂಲಕ ನೈಟಿಂಗೇಲ್ ಅನ್ನುವ ಸಂಸ್ಥೆ ಕಟ್ಟಡ ಕೊಳ್ಳಲು 6 ಕೋಟಿ ಡಾಲರಿಗೂ ಜಾಸ್ತಿ ಎತ್ತಿತ್ತು. ಕಟ್ಟಡವನ್ನು ಕೊಳ್ಳಲೇ ಇಲ್ಲ, ಹಣ ಬೇರೆಡೆ ಹೋಗಿತ್ತು. ಹಣ ಮೂರನೆಯವರ ಎಸ್ಕ್ರೋ ಖಾತೆಯಲ್ಲಿ (ಕೊಳ್ಳುವ ಕೆಲಸ ಮುಗಿಯುವವರೆಗೆ ಹಣ ಕಾದಿಡುವ ಖಾತೆ) ನಿಲ್ಲದೆ ನೇರವಾಗಿ ಸಂಸ್ಥೆಯ ಕೈಗೆ ಸಿಗುವಂತಿದ್ದದ್ದೇ ಅಲ್ಲಿನ ತೂತು. ಹಾಗಾಗಿ ಕ್ರಯಪತ್ರ ನೋಂದಣಿ ಆಗುವವರೆಗೆ ನಿಮ್ಮ ಹಣ ಯಾರ ಖಾತೆಯಲ್ಲಿರುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ.

ಇನ್ನೂ ಎರಡು ಕೆಲಸ ಕೂತಲ್ಲೇ ಆಗುತ್ತವೆ. ಇಂಥ ಖಾಸಗಿ ಯೋಜನೆಗಳು ಮೊದಲ ಮಾರಾಟ ಆದ 15 ದಿನದೊಳಗೆ ಅಮೆರಿಕದ ಷೇರು ನಿಯಂತ್ರಕರಿಗೆ ‘ಫಾರ್ಮ್ ಡಿ’ ಅನ್ನುವ ಮಾಹಿತಿ ಪತ್ರ ಸಲ್ಲಿಸಬೇಕು. ಆ ನಿಯಂತ್ರಕರ ಎಡ್ಗರ್ ತಾಣದಲ್ಲಿ ಅದನ್ನು ಯಾರು ಬೇಕಾದರೂ ಹುಡುಕಬಹುದು. ಅದು ಸಿಕ್ಕರೆ ಯೋಜನೆ ಒಳ್ಳೆಯದು ಅಂತಲ್ಲ, ಸಿಗದಿದ್ದರೆ ಮಾತ್ರ ಅನುಮಾನ ಪಡಿ. ಇನ್ನು ಜಮೀನಿನ ಕ್ರಯಪತ್ರ. ಅದು ಆ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ನೋಂದಣಿ ಕಚೇರಿಯಲ್ಲಿ ಸಾರ್ವಜನಿಕ ದಾಖಲೆ. ನಿಮ್ಮ ಕಂಪನಿಯ ಹೆಸರು ಅಲ್ಲಿ ಇದೆಯಾ ನೋಡಿ.

ಹೊಲದ ಮೇಲೆ ಸಾಲ ಇದ್ದರೆ?

ಗೇಣಿಯಿಂದ ಬರುವುದು ಶೇ 3, 4. ಸಾಲದ ಬಡ್ಡಿ ಅದಕ್ಕಿಂತ ಜಾಸ್ತಿ ಇದ್ದರೆ ಪ್ರತಿ ವರ್ಷ ಕೈಯಿಂದ ಕಟ್ಟಬೇಕು. 1980ರ ದಶಕದಲ್ಲಿ ಅಯೋವಾದ ರೈತರನ್ನು ಮುಳುಗಿಸಿದ್ದು ಇದೇ. ನಾನಾದರೆ ಸಾಲ ಇಲ್ಲದ ಯೋಜನೆಯನ್ನೇ ನೋಡುತ್ತೇನೆ.

ಬೇರೆ ದೇಶದ ಜಮೀನಿಗೆ ಹಣ ಹಾಕಬಹುದಾ?

ಆ ದೇಶದ ಕಾನೂನು ನೋಡದೆ ಹೇಳಲಾಗದು. ಜಮೀನಿನ ವಿಷಯದಲ್ಲಿ ಹಲವು ದೇಶಗಳು ಬಿಗಿ. ಪೋಲೆಂಡ್ 2016ರಲ್ಲಿ ಕೃಷಿ ಜಮೀನನ್ನು ಮುಖ್ಯವಾಗಿ ರೈತರೇ ಕೊಳ್ಳುವಂತೆ ಕಾನೂನು ಮಾಡಿತು. ಉಕ್ರೇನ್ ತನ್ನ ನಾಗರಿಕರಿಗೇ ಕೊಳ್ಳಲು ಬಿಟ್ಟದ್ದು 2021ರ ಜುಲೈನಲ್ಲಿ. ಭಾರತದಲ್ಲಿ ಅನಿವಾಸಿಗಳು ಪಿತ್ರಾರ್ಜಿತವಾಗಿ ಕೃಷಿ ಜಮೀನು ಪಡೆಯಬಹುದು, ಆದರೆ ವಿದೇಶಿ ವಿನಿಮಯ ನಿಯಮದ ಪ್ರಕಾರ ವಿಶೇಷ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಅಮೆರಿಕದಲ್ಲಿ ವಿದೇಶಿಯರು ಕೊಂಡರೆ 1978ರ ಕಾಯ್ದೆಯಂತೆ ಕೃಷಿ ಇಲಾಖೆಗೆ ತಿಳಿಸಬೇಕು. ಕೆಲವು ರಾಜ್ಯಗಳಲ್ಲಿ ಅದಕ್ಕೂ ಮೀರಿದ ನಿರ್ಬಂಧ ಇದೆ. ವಿದೇಶಿಯರು ಅಲ್ಲಿನ ಸ್ಥಿರಾಸ್ತಿ ಮಾರಿದಾಗ ಮಾರಾಟದ ಹಣದಲ್ಲಿ ಸಾಮಾನ್ಯವಾಗಿ ಶೇ 15 ತೆರಿಗೆಗೆ ಅಂತ ಮೊದಲೇ ಹಿಡಿದಿಡುತ್ತಾರೆ. ನಿಮ್ಮ ಪ್ಲಾಟ್‌ಫಾರ್ಮು ವಿದೇಶಿಯರನ್ನು ಸೇರಿಸಿಕೊಳ್ಳದೆಯೂ ಇರಬಹುದು.

ಇದರಿಂದ ರೈತರಿಗೆ ಅನ್ಯಾಯ ಆಗುವುದಿಲ್ಲವಾ?

ಆಗಬಹುದು. ಹೊರಗಿನ ಹಣ ಬಂದಷ್ಟೂ ಬೆಲೆ ಏರುತ್ತದೆ, ಹೊಸದಾಗಿ ಬೇಸಾಯಕ್ಕೆ ಇಳಿಯುವ ಹುಡುಗ ಹುಡುಗಿಯರಿಗೆ ಹೊಲ ಕೈಗೆಟುಕುವುದಿಲ್ಲ. ಇನ್ನೊಂದು ಕಡೆ, ವಯಸ್ಸಾದ ರೈತರು ಹೊಲ ಮಾರಿ, ಅದೇ ಹೊಲವನ್ನು ಗೇಣಿಗೆ ಉಳುತ್ತಾ ಸಾಲ ತೀರಿಸಿಕೊಂಡದ್ದೂ ಇದೆ. ತೀರಾ ಅತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಮಡಗಾಸ್ಕರ್ ಸಾಕ್ಷಿ. 2008ರಲ್ಲಿ ಕೊರಿಯಾದ ದೇವೂ ಕಂಪನಿಗೆ 13 ಲಕ್ಷ ಹೆಕ್ಟೇರ್ ಜಮೀನು ಗುತ್ತಿಗೆಗೆ ಕೊಡುವ ಯೋಜನೆ ಬಯಲಾಯಿತು. ಜನ ರೊಚ್ಚಿಗೆದ್ದರು. ಮರುವರ್ಷ ಅಧ್ಯಕ್ಷರು ಅಧಿಕಾರ ಕಳೆದುಕೊಂಡದ್ದಕ್ಕೆ ಅದೂ ಒಂದು ಕಾರಣ. ಹೊಸದಾಗಿ ಬಂದವರು ಯೋಜನೆಯನ್ನು ರದ್ದು ಮಾಡಿದರು.

ನನ್ನ ಪಾಲಿನ ಹೊಲವನ್ನು ಹೋಗಿ ನೋಡಬಹುದಾ?

ಕೇಳಿದರೆ ಕೆಲವರು ಏರ್ಪಾಡು ಮಾಡುತ್ತಾರೆ. ಹೇಳದೆ ಕೇಳದೆ ಹೋಗುವಂತಿಲ್ಲ. ಗೇಣಿ ಒಪ್ಪಂದ ಇರುವಷ್ಟು ದಿನ ಹೊಲದ ಸ್ವಾಧೀನ ಉಳುವವರದು. ಹೋಗುವುದೇ ಆದರೆ ಹಣ ಹಾಕುವ ಮೊದಲೇ ಹೋಗಿ. ಮಳೆ ನಿಂತ ಮಾರನೇ ದಿನ ಹೋದರೆ ಇನ್ನೂ ಒಳ್ಳೆಯದು, ಎಲ್ಲಿ ನೀರು ನಿಂತಿದೆ ಅಂತ ಕಾಣುತ್ತದೆ. ಪಕ್ಕದ ಹೊಲದವರನ್ನು ಮಾತಾಡಿಸಿ, ಎಕರೆಗೆ ಗೇಣಿ ಎಷ್ಟು ನಡೆಯುತ್ತಿದೆ ಅಂತ ಕೇಳಿ.